ಮೊದಲು, ನೀನು ಎಲ್ಲಿ ನಿಂತಿದ್ದೀಯ ನೋಡಿಕೊ

ಮಗೂ,

ಡೆಮೊ ಕೈಕೊಟ್ಟಿತು ಎಂದು ಬರುವ ಹುಡುಗ ಹುಡುಗಿಯರೆಲ್ಲ ಒಂದೇ ಮಾತು ಹೇಳುತ್ತಾರೆ: "ಅಂಕಲ್, ನಿನ್ನೆ ಓಡ್ತಿತ್ತು. ಏನೂ ಮುಟ್ಟಿಲ್ಲ." ನಾನು ಆ ಮಾತನ್ನು ನಂಬುತ್ತೇನೆ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಕಂಟೇನರಿನಲ್ಲಿ ಓಡುವ ಅಪ್ಲಿಕೇಶನ್‌ನಲ್ಲಿ ನಾವು ಮುಟ್ಟದೆಯೇ ಬದಲಾಗುವ ಸಂಗತಿಗಳು ಬೇಕಾದಷ್ಟಿವೆ. ಡಾಕರ್ ಕಂಪೋಸ್ ಫೈಲಿನಲ್ಲಿ ಡೇಟಾಬೇಸಿಗೆ ಪೋಸ್ಟ್‌ಗ್ರೆಸ್ ಎಂದಷ್ಟೇ ಬರೆದು ಆವೃತ್ತಿ ಬರೆಯದೆ ಬಿಟ್ಟಿರುತ್ತೀರಿ. ಪೋಸ್ಟ್‌ಗ್ರೆಸ್‌ನ ದೊಡ್ಡ ಆವೃತ್ತಿ ವರ್ಷಕ್ಕೊಂದು ಬರುತ್ತದೆ. ತಂಡದಲ್ಲಿ ಯಾರೋ ಹೊಸ ಇಮೇಜ್ ಪುಲ್ ಮಾಡುತ್ತಾರೆ. ಹಳೆಯ ಆವೃತ್ತಿ ಬರೆದಿಟ್ಟ ಡೇಟಾ ಫೈಲುಗಳನ್ನು ಹೊಸ ಸರ್ವರ್ ಮುಟ್ಟಲಾರೆ ಎಂದು ನಿಂತುಬಿಡುತ್ತದೆ. ಕೋಡಿನಲ್ಲಿ ಒಂದಕ್ಷರ ಬದಲಾಗಿಲ್ಲ, ಆದರೂ ಡೆಮೊ ಬಿತ್ತು. ಆದ್ದರಿಂದ "ಏನೂ ಮುಟ್ಟಿಲ್ಲ" ಎಂಬುದು ವಿಚಾರಣೆಯ ಆರಂಭವೇ ಹೊರತು ಕೊನೆಯಲ್ಲ.

ನಾನಿರುವುದು ಮಾಧವರಂನಲ್ಲಿ. ಚೆನ್ನೈನಲ್ಲಿ ಐಟಿ ಎಂದರೆ ಎಲ್ಲರೂ ದಕ್ಷಿಣದ ಓಎಂಆರ್ ರಸ್ತೆಯ ಕಡೆ ಕೈ ತೋರಿಸುತ್ತಾರೆ. ನಮ್ಮ ಉತ್ತರದ ಮೂಲೆಯಲ್ಲಿ ಇರುವುದು ಹಾಲಿನ ಡೈರಿ, ಆಂಧ್ರದ ಕಡೆ ಹೋಗುವ ಬಸ್ಸುಗಳ ನಿಲ್ದಾಣ, ಮತ್ತೆ ಹಗಲೂ ರಾತ್ರಿ ಕಂಟೇನರ್ ಲಾರಿಗಳು. ಚೆನ್ನೈ ಬಂದರು, ಎಣ್ಣೂರು, ಕಾಟ್ಟುಪಳ್ಳಿ ಕಡೆಯ ಪೆಟ್ಟಿಗೆಗಳು ಮಣಲಿ, ಮಾಧವರಂ ಸುತ್ತಿನ ಯಾರ್ಡುಗಳಿಗೆ ಬಂದು ಹೋಗುತ್ತವೆ. ಯಾವ ಪೆಟ್ಟಿಗೆಯನ್ನಾದರೂ ನೋಡು, ಬಾಗಿಲ ಮೇಲೆ 4 ಅಕ್ಷರ, 6 ಅಂಕಿ, ಕೊನೆಗೆ ಚೌಕದೊಳಗೆ ತಾಳೆ ನೋಡುವ 1 ಅಂಕಿ ಇರುತ್ತದೆ. ಗೇಟಿನ ಗುಮಾಸ್ತ ಬಾಗಿಲು ತೆಗೆಸುವ ಮಾತೇ ಎತ್ತುವುದಿಲ್ಲ. ಮೊದಲು ನಂಬರ್ ಓದುತ್ತಾನೆ, ಸೀಲ್ ನೋಡುತ್ತಾನೆ, ಕೈಯಲ್ಲಿರುವ ಕಾಗದದ ಜೊತೆ ಹೋಲಿಸುತ್ತಾನೆ. ಬಂದಿರುವುದು ಅದೇ ಪೆಟ್ಟಿಗೆಯೇ, ಬರಬೇಕಾದ ಜಾಗಕ್ಕೇ ಬಂದಿದೆಯೇ, ದಾರಿಯಲ್ಲಿ ಯಾರಾದರೂ ತೆರೆದಿದ್ದಾರೆಯೇ? ಇಷ್ಟು ಗೊತ್ತಾದ ಮೇಲೆ ಒಳಗಿನ ಸರಕಿನ ಮಾತು. 1956ರ ಏಪ್ರಿಲ್ 26ರಂದು ಮಾಲ್ಕಂ ಮೆಕ್ಲೀನ್‌ನ ಐಡಿಯಲ್ ಎಕ್ಸ್ ಹಡಗು 58 ಪೆಟ್ಟಿಗೆ ಹೊತ್ತು ನ್ಯೂವಾರ್ಕಿನಿಂದ ಹ್ಯೂಸ್ಟನ್‌ಗೆ ಹೊರಟ ಮೇಲೆ ಲೋಕದ ವ್ಯಾಪಾರ ನಿಂತಿರುವುದೇ ಈ ಶಿಸ್ತಿನ ಮೇಲೆ. 2013ರ ಮಾರ್ಚಿನಲ್ಲಿ ಡಾಕರ್ ಬೆಳಕಿಗೆ ಬಂತು. ಸಾಫ್ಟ್‌ವೇರನ್ನೂ ಪೆಟ್ಟಿಗೆಗೆ ತುಂಬಿ ಎಲ್ಲಿಗೆ ಬೇಕಾದರೂ ಒಯ್ಯುವುದು ಕಲಿತೆವು. ಹೊರಗಿನಿಂದ ಒಳಕ್ಕೆ ಹೋಗಬೇಕು ಎಂಬ ಗೇಟಿನ ಶಿಸ್ತನ್ನು ಮಾತ್ರ ನಿಮಗೆ ಯಾರೂ ಕಲಿಸಲಿಲ್ಲ. ಅದನ್ನು ಹೇಳಬೇಕೆಂದೇ ಇಷ್ಟು ಬರೆಯುತ್ತಿದ್ದೇನೆ.

ನಿನಗೆ ನಾನು ಹೇಳಬೇಕಾದ ದೊಡ್ಡ ಮಾತು ಒಂದೇ. ಕೈ ಹಾಕುವ ಮೊದಲು, ನೀನು ಎಲ್ಲಿ ನಿಂತು ಮಾತಾಡುತ್ತಿದ್ದೀಯ ಎಂದು ಕೇಳಿಕೊ. ಡೆಮೊ ಅಪ್ಲಿಕೇಶನ್‌ಗೆ ಕನಿಷ್ಠ ನಾಲ್ಕು ಜಾಗಗಳಿವೆ: ಬ್ರೌಸರ್, ನಿನ್ನ ಲ್ಯಾಪ್‌ಟಾಪ್, ವೆಬ್ ಕಂಟೇನರಿನ ಒಳಗು, ಡೇಟಾಬೇಸ್ ಕಂಟೇನರಿನ ಒಳಗು. ಲೋಕಲ್‌ಹೋಸ್ಟ್ ಎಂಬುದಕ್ಕೆ ಈ ಜಾಗಗಳಲ್ಲಿ ಒಂದೇ ಅರ್ಥವಿಲ್ಲ. ಬ್ರೌಸರಿಗೂ ಲ್ಯಾಪ್‌ಟಾಪಿಗೂ ಅದು ಲ್ಯಾಪ್‌ಟಾಪ್. ವೆಬ್ ಕಂಟೇನರಿನ ಒಳಗೆ ಕೂತ ಪ್ರೋಗ್ರಾಮಿಗೆ ಅದು ಆ ಕಂಟೇನರ್ ಮಾತ್ರ. ಅಲ್ಲಿ ನಿಂತು "ಲೋಕಲ್‌ಹೋಸ್ಟ್‌ನ 5432ನೇ ಪೋರ್ಟಿನಲ್ಲಿ ಡೇಟಾಬೇಸ್ ಇದೆ" ಎಂದರೆ ಅದು ತನ್ನ ಜೇಬಿನಲ್ಲೇ ಹುಡುಕಿ, ಇಲ್ಲ ಎನ್ನುತ್ತದೆ. ಪಕ್ಕದ ಕಂಟೇನರನ್ನು ಅದರ ಸರ್ವಿಸ್ ಹೆಸರಿನಿಂದಲೇ ಕರೆಯಬೇಕು. ಕಂಪೋಸ್ ಫೈಲಿನಲ್ಲಿ ಡಿಬಿ ಎಂದು ಹೆಸರಿಟ್ಟಿದ್ದರೆ, ಡಿಬಿ ಎಂದೇ ಕರೆ. ಕಂಪೋಸ್ ತಾನೇ ಕಟ್ಟುವ ನೆಟ್‌ವರ್ಕಿನಲ್ಲಿ ಆ ಹೆಸರು ವಿಳಾಸವಾಗುತ್ತದೆ.

ಇದರ ಬೆನ್ನಿಗೇ ಬರುವ ಇನ್ನೊಂದು ತೊಡಕು ಕೇಳು. ಲ್ಯಾಪ್‌ಟಾಪಿನಲ್ಲಿ ಆಗಲೇ ಒಂದು ಪೋಸ್ಟ್‌ಗ್ರೆಸ್ ಓಡುತ್ತಿದೆ ಎಂದು ಕಂಪೋಸಿನಲ್ಲಿ 5433:5432 ಎಂದು ಬರೆಯುತ್ತೀಯ. ಎಡಗಡೆಯದು ಲ್ಯಾಪ್‌ಟಾಪಿನ ಪೋರ್ಟ್, ಬಲಗಡೆಯದು ಕಂಟೇನರಿನದು. ಆಮೇಲೆ ವೆಬ್ ಕಂಟೇನರಿನ ಸೆಟ್ಟಿಂಗ್‌ನಲ್ಲೂ 5433 ಎಂದು ಬದಲಿಸುತ್ತೀಯ. ಅಲ್ಲೇ ಕೆಡುತ್ತದೆ. ಕಂಟೇನರಿನಿಂದ ಕಂಟೇನರಿಗೆ ಹೋಗುವ ಮಾತು ಲ್ಯಾಪ್‌ಟಾಪಿನ ಬಾಗಿಲು ದಾಟುವುದೇ ಇಲ್ಲ, ಅವುಗಳ ನಡುವೆ ಪೋರ್ಟ್ ಇನ್ನೂ 5432 ಆಗಿಯೇ ಇದೆ. 5433 ಬೇಕಾಗುವುದು ನಿನ್ನ ಲ್ಯಾಪ್‌ಟಾಪಿನಿಂದ ಡೇಟಾಬೇಸ್ ನೋಡುವಾಗ ಮಾತ್ರ.

ಬ್ರೌಸರಿನ ವಿಷಯದಲ್ಲಿ ತಪ್ಪು ತಿರುಗುಮುರುಗು. ರಿಯಾಕ್ಟ್ ಪುಟದ ಕೋಡಿನಲ್ಲಿ ಎಪಿಐ ಎಂಬ ಸರ್ವಿಸ್ ಹೆಸರನ್ನೇ ಹಾಕಿ, ಸರ್ವರಿಗೆ ಮಾತು ತಲುಪುತ್ತಿಲ್ಲ ಎಂದು ತಲೆ ಕೆಡಿಸಿಕೊಳ್ಳುತ್ತೀರಿ. ಆ ಕೋಡ್ ಕಂಟೇನರಿನಿಂದ ಬಂದದ್ದು ನಿಜ, ಓಡುತ್ತಿರುವುದು ಮಾತ್ರ ಬ್ರೌಸರಿನಲ್ಲಿ. ಬ್ರೌಸರಿಗೆ ಡಾಕರಿನ ಒಳಗಿನ ಹೆಸರುಗಳ ಪರಿಚಯವಿಲ್ಲ. ಕೋಡ್ ಎಲ್ಲಿಂದ ಬಂತು ಎನ್ನುವುದಕ್ಕಿಂತ ಈಗ ಎಲ್ಲಿ ಓಡುತ್ತಿದೆ ಎನ್ನುವುದು ಮುಖ್ಯ.

ಇನ್ನು, ಲಾಗಿನಲ್ಲಿ "ಸರ್ವರ್ 3000ದಲ್ಲಿ ಓಡುತ್ತಿದೆ" ಎಂದು ಚೆನ್ನಾಗಿ ಬರೆದಿರುತ್ತದೆ, ಪೋರ್ಟೂ ತೆರೆದಿರುತ್ತದೆ, ಆದರೆ ಬ್ರೌಸರ್ ಬರಿದು. ಆಗ ಪ್ರೋಗ್ರಾಮ್ ಯಾವ ವಿಳಾಸದಲ್ಲಿ ಕಿವಿಗೊಟ್ಟಿದೆ ನೋಡು. 127.0.0.1 ಆದರೆ ಅದು ಕಂಟೇನರಿನ ಒಳಗಿನವರ ಮಾತು ಮಾತ್ರ ಕೇಳುತ್ತದೆ, ಹೊರಗಿನವರದ್ದಲ್ಲ. 0.0.0.0 ಎಂದು ಹೇಳಬೇಕು. ಫ್ಲಾಸ್ಕ್, ವೀಟ್, ಜ್ಯಾಂಗೊಗಳ ಡೆವಲಪ್‌ಮೆಂಟ್ ಸರ್ವರುಗಳೆಲ್ಲ ಸುಮ್ಮನೆ ಬಿಟ್ಟರೆ ಒಳಮಾತೇ ಕೇಳುವವು. ಲ್ಯಾಪ್‌ಟಾಪಿನಲ್ಲಿ ನೇರವಾಗಿ ಓಡಿಸುವಾಗ ಅದು ಸುರಕ್ಷಿತ, ಕಂಟೇನರಿಗೆ ಹಾಕಿದಾಗ ಅದೇ ಅಡ್ಡಗೋಡೆ.

ಎರರ್ ಓದುವುದನ್ನು ಕಲಿ. ನಿಮ್ಮ ವಯಸ್ಸಿನವರು ಎರರ್ ಕಂಡ ಕೂಡಲೇ ಅದನ್ನು ಕಾಪಿ ಮಾಡಿ ಎಐ ಚಾಟಿಗೆ ಹಾಕುತ್ತೀರಿ. ಹಾಕಿ, ನನ್ನ ಅಡ್ಡಿಯಿಲ್ಲ. ಆದರೆ ಮೊದಲು ಒಂದು ಸಲ ನಿಮ್ಮ ಕಣ್ಣಿನಿಂದ ಓದಿ. ಹೆಸರೇ ಸಿಗಲಿಲ್ಲ ಎಂದರೆ ನೆಟ್‌ವರ್ಕ್ ಅಥವಾ ಹೆಸರಿನ ಕಾಗುಣಿತ ನೋಡು, ಡೇಟಾಬೇಸಿನ ಕಡೆ ಹೋಗಲೇಬೇಡ. ಕನೆಕ್ಷನ್ ರೆಫ್ಯೂಸ್ಡ್ ಎಂದರೆ ಮನೆ ಸಿಕ್ಕಿತು, ಆ ಬಾಗಿಲಲ್ಲಿ ಯಾರೂ ಇಲ್ಲ. ಪೋರ್ಟ್ ತಪ್ಪಿರಬಹುದು, ಆ ಕಡೆಯ ಪ್ರೋಗ್ರಾಮ್ ಇನ್ನೂ ಏಳದಿರಬಹುದು. ಟೈಮ್‌ಔಟ್ ಎಂದರೆ ಹೋದ ಮಾತಿಗೆ ಉತ್ತರವೇ ಇಲ್ಲ. ಹೆಚ್ಚಾಗಿ ಫೈರ್‌ವಾಲೋ ತಪ್ಪು ವಿಳಾಸವೋ ಇರುತ್ತದೆ. ಪಾಸ್‌ವರ್ಡ್ ತಪ್ಪು ಎಂದು ಬಂತೋ, ಖುಷಿಪಡು. ಹೆಸರು, ನೆಟ್‌ವರ್ಕ್, ಪೋರ್ಟ್ ಎಲ್ಲವೂ ಸರಿಯಿದ್ದು ಡೇಟಾಬೇಸಿನ ಎದುರೇ ನಿಂತಿದ್ದೀಯ ಎಂದರ್ಥ. ಈ ನಾಲ್ಕನ್ನೂ ಒಂದೇ ಗಂಟಿನಲ್ಲಿ ಕಟ್ಟಿ "ಡಿಬಿ ಕನೆಕ್ಟ್ ಆಗ್ತಿಲ್ಲ" ಎಂದುಬಿಟ್ಟರೆ ಅರ್ಧ ದಿನ ಹಾಳು. ಲಾಗಿನಲ್ಲಿ ಕೊನೆಯ ಎರರ್ ಅಲ್ಲ, ಮೊದಲನೆಯದನ್ನು ಹುಡುಕು. ಕೊನೆಯದು ಸಾಮಾನ್ಯವಾಗಿ ಮೊದಲನೆಯದರ ಪರಿಣಾಮ.

ಈಗ ಒಂದು ನಿಜವಾದ ಡೆಮೊವನ್ನೇ ಹಿಡಿದು ತೋರಿಸುತ್ತೇನೆ. ಡಾಕರಿನವರೇ ಕೊಟ್ಟಿರುವ ವೋಟಿಂಗ್ ಆಪ್ ನೀನು ನೋಡಿರುತ್ತೀಯ. ಬೆಕ್ಕೋ ನಾಯಿಯೋ ಎಂದು ಮತ ಹಾಕುವುದು. ಒಳಗೆ ಐದು ಭಾಗ: ಮತ ಹಾಕುವ ಪುಟ ಪೈಥಾನಿನದು, ಮತ ಬಂದು ಸಾಲಿನಲ್ಲಿ ಕೂರುವುದು ರೆಡಿಸ್‌ನಲ್ಲಿ, ಅಲ್ಲಿಂದ ಎತ್ತಿ ಪೋಸ್ಟ್‌ಗ್ರೆಸ್‌ಗೆ ಬರೆಯುವ ವರ್ಕರ್ ಡಾಟ್‌ನೆಟ್‌ನದು, ಫಲಿತಾಂಶದ ಪುಟ ನೋಡ್‌ನದು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸದ ಕಣ ನನಗೆ ಗೊತ್ತಿಲ್ಲ.

ಮತ ಹಾಕಿದೆ, ಫಲಿತಾಂಶದ ಪುಟ ಅಲುಗಾಡಲಿಲ್ಲ ಎಂದುಕೊ. ಐದೂ ಭಾಗಗಳ ಕೋಡ್ ತೆರೆದು ಕೂರಬೇಡ. ದಾರಿಯ ನಡುವೆ ಹೋಗಿ ನಿಲ್ಲು. ಡಾಕರ್ ಎಕ್ಸೆಕ್ ಮೂಲಕ ರೆಡಿಸ್ ಕಂಟೇನರಿನೊಳಗೆ ಹೋಗಿ, ರೆಡಿಸ್‌ನ ಕಮಾಂಡ್ ಲೈನಿನಲ್ಲಿ ವೋಟ್ಸ್ ಎಂಬ ಪಟ್ಟಿಯ ಉದ್ದ ಎಷ್ಟು ಎಂದು ಎಲ್‌ಲೆನ್ ಕಮಾಂಡಿನಿಂದ ಕೇಳು. ಪಟ್ಟಿ ಬೆಳೆಯುತ್ತಿದ್ದರೆ ಮತದ ಪುಟ ತನ್ನ ಕೆಲಸ ಮಾಡಿದೆ, ಎತ್ತುವವನು ಎತ್ತುತ್ತಿಲ್ಲ. ವರ್ಕರಿನ ಲಾಗ್ ನೋಡು. ಪಟ್ಟಿ ಖಾಲಿಯಿದ್ದರೆ ಪೋಸ್ಟ್‌ಗ್ರೆಸ್‌ಗೆ ಹೋಗಿ ವೋಟ್ಸ್ ಟೇಬಲ್ಲಿನಲ್ಲಿ ಸಾಲು ಇದೆಯೇ ನೋಡು. ಇದ್ದರೆ ದೋಷ ಫಲಿತಾಂಶದ ಪುಟದಲ್ಲಿ. ಎರಡೂ ಕಡೆ ಇಲ್ಲದಿದ್ದರೆ ಮತ ರೆಡಿಸ್‌ಗೆ ಮುಟ್ಟಿಲ್ಲ, ಇಲ್ಲವೇ ವರ್ಕರ್ ಎತ್ತಿಕೊಂಡು ಬರೆಯದೆ ಬಿಟ್ಟಿದೆ. ಎರಡೇ ಪ್ರಶ್ನೆ, ಐದು ಭಾಗಗಳಲ್ಲಿ ಎಲ್ಲಿ ನೋಡಬೇಕು ಎಂಬುದು ಗೊತ್ತಾಯಿತು.

ಈ ಕೆಲಸವನ್ನು ಕೆಟ್ಟಾಗ ಕಲಿಯಬೇಡ, ಸರಿಯಿರುವಾಗ ಕಲಿ. ವರ್ಕರನ್ನು ಬೇಕೆಂದೇ ನಿಲ್ಲಿಸು. ಬ್ರೌಸರಿನಲ್ಲಿ ಮೂರು ಸಲ ಮತ ಒತ್ತು. ರೆಡಿಸ್‌ನಲ್ಲಿ ಪಟ್ಟಿಯ ಉದ್ದ 3 ಎಂದು ತೋರಿಸುತ್ತದೆ. ಈಗ ವರ್ಕರನ್ನು ಎಬ್ಬಿಸು, ಪಟ್ಟಿ ಖಾಲಿಯಾಗುತ್ತದೆ. ಆದರೆ ಟೇಬಲ್ಲಿನಲ್ಲಿ ಇರುವುದು ಒಂದೇ ಸಾಲು! ಎರಡು ಮತ ಎಲ್ಲಿ ಕಳೆದವು ಎಂದು ಹುಡುಕುತ್ತ ಕೂರಬೇಡ. ಒಂದು ಬ್ರೌಸರಿಗೆ ಒಂದೇ ಮತ ಎಂದೇ ಅದನ್ನು ಕಟ್ಟಿರುವುದು. ಕುಕಿಯಲ್ಲಿ ಮತದಾರನ ಗುರುತು ಇರುತ್ತದೆ, ಅದೇ ಗುರುತು ಮತ್ತೆ ಬಂದರೆ ವರ್ಕರ್ ಹಳೆಯ ಸಾಲನ್ನೇ ತಿದ್ದುತ್ತದೆ. ಅಪ್ಲಿಕೇಶನ್ ಏನು ಮಾಡಬೇಕು ಎಂದು ತಿಳಿಯದೆ ಅದು ಏನು ಮಾಡುತ್ತಿಲ್ಲ ಎಂದು ದೂರುವುದು ತರವಲ್ಲ. ರೀಡ್‌ಮಿ ಫೈಲ್ ಓದಿದವನಿಗೆ ಈ ಶೋಧನೆಯ ಅಗತ್ಯವೇ ಬೀಳುತ್ತಿರಲಿಲ್ಲ.

ಅದೇ ಮತದ ಪುಟದ ತಳದಲ್ಲಿ, ಆ ಪುಟವನ್ನು ಯಾವ ಕಂಟೇನರ್ ಕೊಟ್ಟಿತು ಎಂಬ ಐಡಿ ಅಚ್ಚಾಗಿರುತ್ತದೆ. ಸಣ್ಣ ಸಾಲು, ಯಾರೂ ನೋಡುವುದಿಲ್ಲ. ಬಲು ಉಪಯೋಗದ್ದು. ಬಿಲ್ಡ್ ಮಾಡಿದೆ, ಆದರೂ ತಿದ್ದುಪಡಿ ಕಾಣುತ್ತಿಲ್ಲ ಎನ್ನುತ್ತೀಯಲ್ಲ, ಆಗ ಆ ಐಡಿಯನ್ನೂ ಡಾಕರ್ ಪಿಎಸ್ ತೋರಿಸುವ ಐಡಿಯನ್ನೂ ತಾಳೆ ನೋಡು. ಬಿಲ್ಡ್‌ಗೆ ಮೊದಲಿದ್ದ ಐಡಿಯೇ ಇನ್ನೂ ಇದ್ದರೆ ನೀನು ಹೊಸ ಇಮೇಜ್ ಮಾಡಿದ್ದೀಯ, ಓಡುತ್ತಿರುವುದು ಮಾತ್ರ ಹಳೆಯ ಕಂಟೇನರ್. ಇಮೇಜ್ ಬೇರೆ, ಅದರಿಂದ ಎದ್ದ ಕಂಟೇನರ್ ಬೇರೆ. ಬರೀ ರೀಸ್ಟಾರ್ಟ್ ಕೊಟ್ಟರೆ ಹಳೆಯದೇ ಏಳುತ್ತದೆ. ನೀನು ಕಟ್ಟುವ ಡೆಮೊದಲ್ಲೂ ಪುಟದ ಮೂಲೆಯಲ್ಲಿ ಇಂಥದೊಂದು ಗುರುತು ಹಾಕು. ಕಂಟೇನರಿನ ಐಡಿ, ಗಿಟ್ ಕಮಿಟ್ ಸಂಖ್ಯೆ, ಇಷ್ಟು ಸಾಕು.

ಮೊದಲು ಈ ಆಪ್‌ನ ಪುಟಗಳು 5000, 5001ರಲ್ಲಿ ಬರುತ್ತಿದ್ದವು, ಈಗ 8080, 8081. ಮ್ಯಾಕ್ ಇಟ್ಟುಕೊಂಡವರಿಗೆ ಇದರ ಹಿಂದಿನ ತಲೆನೋವು ಗೊತ್ತು. 2021ರ ಮಾಂಟೆರೆ ಆವೃತ್ತಿಯಿಂದ ಮ್ಯಾಕಿನ ಏರ್‌ಪ್ಲೇ ರಿಸೀವರ್ 5000ನೇ ಪೋರ್ಟನ್ನು ಹಿಡಿದು ಕೂರುತ್ತದೆ. ಪೋರ್ಟ್ ಆಗಲೇ ಬಳಕೆಯಲ್ಲಿದೆ ಎಂದು ಬಂದರೆ ಡಾಕರನ್ನು ಬೈಯುವ ಮೊದಲು ಅದನ್ನು ಹಿಡಿದವರು ಯಾರು ಎಂದು ಲ್ಯಾಪ್‌ಟಾಪನ್ನೇ ಕೇಳು.

ಕಂಟೇನರ್ ಎದ್ದ ಕೂಡಲೇ ಬಿದ್ದುಹೋದರೆ ಅದು ಪಟ್ಟಿಯಲ್ಲಿ ಕಾಣುವುದಿಲ್ಲ, ಡಾಕರ್ ಪಿಎಸ್ ಬರೀ ಓಡುತ್ತಿರುವವನ್ನು ತೋರಿಸುತ್ತದೆ. ಬಿದ್ದವನ್ನೂ ನೋಡಲು ಅದಕ್ಕೆ ಹೈಫನ್ ಎ ಸೇರಿಸು. ಬಿದ್ದದ್ದರ ಸ್ಟೇಟಸ್‌ನಲ್ಲಿ, ಆವರಣದೊಳಗೆ ಒಂದು ಸಂಖ್ಯೆ ಇರುತ್ತದೆ. 127 ಆದರೆ ಹೇಳಿದ ಕಮಾಂಡ್ ಒಳಗೆ ಇಲ್ಲ. 126 ಆದರೆ ಇದೆ, ಓಡಿಸುವ ಅನುಮತಿಯಿಲ್ಲ. 137 ಆದರೆ ಯಾರೋ ಬಲವಂತವಾಗಿ ಕೊಂದಿದ್ದಾರೆ, ಬಹಳ ಸಲ ಮೆಮೊರಿ ಸಾಲದೆ. ಡಾಕರ್ ಇನ್‌ಸ್ಪೆಕ್ಟ್‌ನಲ್ಲಿ ಓಓಎಂ ಕಿಲ್ಡ್ ಎಂಬಲ್ಲಿ ಟ್ರೂ ಎಂದಿದ್ದರೆ ಖಚಿತ. 0 ಆದರೆ ಅದು ಬಿದ್ದದ್ದೇ ಅಲ್ಲ, ಕೆಲಸ ಮುಗಿಸಿ ಹೋಗಿದೆ. ಫೈಲ್ ಕಣ್ಣೆದುರೇ ಇದ್ದರೂ ಅಂಥ ಫೈಲ್ ಇಲ್ಲ ಎಂದು ಬಂದರೆ, ವಿಂಡೋಸಿನಲ್ಲಿ ಬರೆದ ಶೆಲ್ ಸ್ಕ್ರಿಪ್ಟಿನ ಸಾಲಿನ ಕೊನೆಯಲ್ಲಿ ಕಾಣದ ಅಕ್ಷರ ಸೇರಿದೆಯೇ ನೋಡು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದು ಇಂಥ ಕಡೆಗೂ ಸಲ್ಲುತ್ತದೆ.

ಮೊದಲ ಸಲ ಬೀಳುತ್ತದೆ, ಎರಡನೇ ಸಲ ಏಳುತ್ತದೆ, ಇದೇನು ಎಂದು ಕೇಳುತ್ತೀರಿ. ಡಿಪೆಂಡ್ಸ್ ಆನ್ ಎಂದು ಹೆಸರಷ್ಟೇ ಬರೆದರೆ ಕಂಪೋಸ್ ಡೇಟಾಬೇಸ್ ಕಂಟೇನರ್ ಶುರುವಾಗುವುದನ್ನು ಕಾಯುತ್ತದೆಯೇ ಹೊರತು ಅದು ಉತ್ತರ ಕೊಡಲು ಸಿದ್ಧವಾಗುವುದನ್ನಲ್ಲ. ಪೋಸ್ಟ್‌ಗ್ರೆಸ್‌ಗೆ ಮೊದಲ ಸಲ ಮನೆ ಕಟ್ಟಿಕೊಳ್ಳುವ ಕೆಲಸ ಇರುತ್ತದೆ, ತಡವಾಗುತ್ತದೆ. ಅಷ್ಟರಲ್ಲಿ ವೆಬ್ ಬಾಗಿಲು ತಟ್ಟಿ, ಸಿಗದೆ ಬಿದ್ದುಹೋಗಿರುತ್ತದೆ. ಹೆಲ್ತ್‌ಚೆಕ್ ಬರೆದು, ಅದು ಹೆಲ್ದಿ ಎಂದ ಮೇಲೆ ಏಳು ಎಂದು ವೆಬ್‌ಗೆ ಹೇಳು. ಕೋಡಿನಲ್ಲಿ 10 ಸೆಕೆಂಡ್ ಸ್ಲೀಪ್ ಹಾಕಿ ಪಾರಾಗುವವರಿದ್ದಾರೆ. ಆ ದಾರಿ ಹಿಡಿಯಬೇಡ, ನಿನ್ನದಕ್ಕಿಂತ ನಿಧಾನವಾದ ಯಂತ್ರದಲ್ಲಿ ಅದು ಮತ್ತೆ ಬೀಳುತ್ತದೆ.

ವಾಲ್ಯೂಮಿನ ವಿಷಯಕ್ಕೆ ಬಂದಾಗ ನನ್ನ ದನಿ ಸ್ವಲ್ಪ ಗಟ್ಟಿಯಾಗುತ್ತದೆ. ಕಂಪೋಸ್ ಫೈಲಿನಲ್ಲಿ ಪೋಸ್ಟ್‌ಗ್ರೆಸ್ ಪಾಸ್‌ವರ್ಡ್ ಬದಲಿಸಿ, ಕೆಳಗಿಳಿಸಿ ಮತ್ತೆ ಎಬ್ಬಿಸುತ್ತೀರಿ. ಪಾಸ್‌ವರ್ಡ್ ತಪ್ಪು ಎಂದು ಬರುತ್ತದೆ. ಕಾರಣ, ಆ ಪಾಸ್‌ವರ್ಡ್ ಓದುವುದು ಡೇಟಾ ಜಾಗ ಖಾಲಿ ಇದ್ದ ಮೊದಲ ಸಲ ಮಾತ್ರ. ಕಂಟೇನರ್ ಹೋದರೂ ವಾಲ್ಯೂಮ್ ಉಳಿದಿದೆ, ಅದರಲ್ಲಿ ಹಳೆಯ ಪಾಸ್‌ವರ್ಡೂ ಉಳಿದಿದೆ. ಆಗ ಎಐ ಆಗಲಿ ಪಕ್ಕದ ಸೀಟಿನವನಾಗಲಿ ಡೌನ್ ಹೈಫನ್ ವಿ ಹೊಡೆ ಎನ್ನುತ್ತಾರೆ. ಅದು ವಾಲ್ಯೂಮನ್ನೇ ಅಳಿಸುತ್ತದೆ. ಪಾಸ್‌ವರ್ಡ್ ಸಮಸ್ಯೆ ತೀರುತ್ತದೆ, ಜೊತೆಗೆ ಡೆಮೊಗೆಂದು ಹುಡುಗಿಯೊಬ್ಬಳು ವಾರಗಟ್ಟಲೆ ತುಂಬಿಸಿದ ಡೇಟಾ ಕೂಡ ತೀರುತ್ತದೆ. ಸಿಸ್ಟಮ್ ಪ್ರೂನ್ ತಾನಾಗಿ ವಾಲ್ಯೂಮನ್ನು ಮುಟ್ಟದಿದ್ದರೂ ಅದೂ ಅಳಿಸುವ ಕಮಾಂಡೇ. ಅಳಿಸುವ ಕಮಾಂಡ್ ಹೊಡೆಯುವ ಮೊದಲು ಅದು ಏನೇನು ಅಳಿಸುತ್ತದೆ ಎಂದು ಒಂದು ವಾಕ್ಯದಲ್ಲಿ ಹೇಳಲು ಬಂದರೆ ಹೊಡೆ, ಬಾರದಿದ್ದರೆ ಕೈ ಹಿಂದಕ್ಕೆ ತೆಗೆ. ಮತ್ತೆ, ಡೆಮೊ ಡೇಟಾವನ್ನು ತುಂಬುವ ಸೀಡ್ ಸ್ಕ್ರಿಪ್ಟೊಂದನ್ನು ಮೊದಲ ದಿನವೇ ಬರೆದಿಡು. ಅದಿದ್ದರೆ ವಾಲ್ಯೂಮ್ ಹೋದರೂ ಹೆದರಬೇಕಿಲ್ಲ.

ಎಲ್ಲವನ್ನೂ ಕೆಡವಿ ನೋ ಕ್ಯಾಶ್ ಹಾಕಿ ಮೊದಲಿಂದ ಬಿಲ್ಡ್ ಮಾಡುವುದು ನಿಮ್ಮ ಪೀಳಿಗೆಯ ದೊಡ್ಡ ಚಾಳಿ. ಕೆಲವೊಮ್ಮೆ ಸರಿಹೋಗುತ್ತದೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಏಕೆ ಸರಿಹೋಯಿತು ಎಂದು ಗೊತ್ತಾಗದಿದ್ದರೆ ಅದು ಸರಿಹೋಗಿಲ್ಲ, ಅಡಗಿದೆ. ಡೆಮೊ ದಿನ ಹೊರಬರುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡು. ಏನು ಮಾಡಿದೆ, ಏನಾಯಿತು ಎಂದು ಪಕ್ಕದಲ್ಲಿ ಒಂದು ಹಾಳೆಯಲ್ಲಿ ಬರೆ. ಫಲ ಕೊಡದ ಬದಲಾವಣೆಯನ್ನು ವಾಪಸ್ ತೆಗೆ, ಅದರ ಮೇಲೆ ಇನ್ನೊಂದು ಪೇರಿಸಬೇಡ. ಇಮೇಜಿಗೆ ಲೇಟೆಸ್ಟ್ ಎಂಬ ಟ್ಯಾಗ್ ಬೇಡ, ಆವೃತ್ತಿಯ ಸಂಖ್ಯೆ ಬರೆ. ನಮ್ಮ ಯಾರ್ಡಿನ ಗುಮಾಸ್ತನಿಗೆ "ಹೊಸ ಪೆಟ್ಟಿಗೆ" ಎಂದರೆ ಸಾಲದು, ನಂಬರ್ ಬೇಕು. ಪಾಸ್‌ವರ್ಡುಗಳಿರುವ ಎನ್ವ್ ಫೈಲನ್ನು ಇಮೇಜಿನೊಳಗೆ ಕಾಪಿ ಮಾಡಬೇಡ. ಮುಂದಿನ ಲೇಯರಿನಲ್ಲಿ ಅಳಿಸಿದರೂ ಹಿಂದಿನ ಲೇಯರಿನಲ್ಲಿ ಅದು ಉಳಿದೇ ಇರುತ್ತದೆ, ಇಮೇಜ್ ಸಿಕ್ಕವರಿಗೆ ಪಾಸ್‌ವರ್ಡೂ ಸಿಗುತ್ತದೆ. ಡೆಮೊ ತಾನೆ ಎಂಬ ಸಲಿಗೆ ಇಲ್ಲಿ ಬೇಡ.

ಸಹಾಯ ಕೇಳಲು ನಾಚಿಕೆ ಬೇಡ. ಊರು ಬಿಟ್ಟು ಚೆನ್ನೈಗೆ ಬಂದ ನಮ್ಮ ಕನ್ನಡದ ಮಕ್ಕಳಲ್ಲಿ ಒಂದು ಸಂಕೋಚ ನೋಡುತ್ತೇನೆ. ತಂಡದಲ್ಲಿ ತಮಿಳೂ ಇಂಗ್ಲಿಷೂ ನಡೆಯುವಾಗ, ಸರಿಯಾಗಿ ಹೇಳಲು ಬಾರದೇನೋ ಎಂದು ಒಬ್ಬರೇ ರಾತ್ರಿ ಎರಡರವರೆಗೂ ಸ್ಕ್ರೀನ್ ನೋಡುತ್ತ ಕೂರುತ್ತಾರೆ. ಕೂರಬೇಡ. ಲಾಗಿಗೆ ಭಾಷೆಯ ಹಂಗಿಲ್ಲ. ಎಲ್ಲಿ ನಿಂತು ಯಾವುದನ್ನು ಕರೆದೆ, ಬಂದ ಉತ್ತರ ಇದು, ನಾನು ನೋಡಿದ್ದು ಇಷ್ಟು ಎಂದು ಮೂರು ಸಾಲು ಬರೆದು ಕಳಿಸಿದರೆ ಎದುರಿನವರು ಎಂಥ ಹಿರಿಯರೇ ಆಗಲಿ ನಿನ್ನನ್ನು ಗೌರವದಿಂದ ನೋಡುತ್ತಾರೆ. ಎಷ್ಟೋ ಸಲ ಆ ಮೂರನೇ ಸಾಲು ಬರೆಯುವ ಹೊತ್ತಿಗೆ ಉತ್ತರ ನಿನಗೇ ಹೊಳೆದಿರುತ್ತದೆ.

ಡೆಮೊಗೆ ಹಿಂದಿನ ದಿನ ಸಂಜೆಯ ಮೇಲೆ ಏನನ್ನೂ ಬದಲಿಸಬೇಡ. ಅದಕ್ಕೂ ಮೊದಲು ಒಂದು ಕೆಲಸ ಮಾಡು: ರೆಪೊವನ್ನು ಇನ್ನೊಬ್ಬರ ಲ್ಯಾಪ್‌ಟಾಪಿನಲ್ಲಿ ಕ್ಲೋನ್ ಮಾಡಿಸಿ, ನೀನು ಬಾಯಿ ಬಿಡದೆ, ರೀಡ್‌ಮಿ ಓದಿಯೇ ಅವರು ಓಡಿಸುತ್ತಾರೆಯೇ ನೋಡು. ಅವರು ಎಲ್ಲಿ ತಡವರಿಸಿದರೋ ಅಲ್ಲಿ ರೀಡ್‌ಮಿ ತಿದ್ದು. ಅಷ್ಟಾದ ಮೇಲೂ ಏನಾದರೂ ಕೈಕೊಟ್ಟರೆ ಭಾನುವಾರ ಮಾಧವರಂಗೆ ಬಾ. ಬರುವಾಗ ಎರರಿನ ಫೋಟೊ ತರಬೇಡ, ಲಾಗಿನಲ್ಲಿ ಮೊದಲು ಬಂದ ಎರರ್ ಸಾಲನ್ನೂ ನೀನು ಬರೆದಿಟ್ಟ ಹಾಳೆಯನ್ನೂ ತಾ.